ಆಮ್ಲ ಮತ್ತು ಪ್ರತ್ಯಾಮ್ಲ: ಬೇಲೂರು–ಅರಸೀಕೆರೆ ಸೀಮೆಯ ರಸಾಯನ

ಬೇಲೂರು ತಾಲ್ಲೂಕಿನ ಪಡುವಣ ಅಂಚಿಗೆ ಅರೇಹಳ್ಳಿ, ಬಿಕ್ಕೋಡು ಕಡೆಯ ಕಾಫಿ ತೋಟಗಳು. ಬೇಲೂರಿನಿಂದ 16 ಕಿಲೋಮೀಟರು ಮೂಡಣಕ್ಕೆ ಹಳೇಬೀಡು. ಅಲ್ಲಿಂದ ಜಾವಗಲ್, ಬಾಣಾವರದ ಮೇಲೆ ಹಾದರೆ ಅರಸೀಕೆರೆಯ ತೆಂಗು, ರಾಗಿ. ಹಾಸನ ಜಿಲ್ಲೆಯ ಈ ದಾರಿ ಮಲೆನಾಡಿನ ಸೆರಗಿನಿಂದ ಬಯಲುಸೀಮೆಗೆ ಇಳಿಯುತ್ತದೆ. ಮುಂದೆ ಮುಂದೆ ಹೋದಂತೆ ಮಳೆ ಕಡಿಮೆಯಾಗುತ್ತದೆ, ಅದರ ಜತೆಗೇ ಮಣ್ಣಿನ ಹುಳಿಯೂ. ಆಮ್ಲ, ಪ್ರತ್ಯಾಮ್ಲಗಳ ಪಾಠವನ್ನು ಶಾಲೆಯ ಪುಸ್ತಕಗಳು ಗಾಜಿನ ನಳಿಕೆಯಿಂದ ಶುರು ಮಾಡುತ್ತವೆ. ಈ ಸೀಮೆಯಲ್ಲಿ ಅದನ್ನು ಮಳೆ ಮತ್ತು ಸುಣ್ಣದಿಂದ ಶುರು ಮಾಡುವುದೇ ಲೇಸು. ಮಣ್ಣಿನ ಪ್ರತ್ಯಾಮ್ಲಗಳನ್ನು ಮಳೆ ತೊಳೆದುಕೊಂಡು ಹೋಗುತ್ತದೆ; ಜನ ಸುಣ್ಣ ತಂದು ಹಾಕಿ ಆ ನಷ್ಟ ತುಂಬುತ್ತಾರೆ. ಇಲ್ಲಿನ ಬೇಸಾಯದ ಅರ್ಧ ರಸಾಯನ ಈ ಕೊಡುಕೊಳ್ಳುವಿಕೆಯಲ್ಲೇ ಇದೆ.

ನೀರಿನಲ್ಲಿ ಕರಗಿದಾಗ ಹೈಡ್ರೋಜನ್ ಅಯಾನುಗಳನ್ನು ಕೊಡುವ ವಸ್ತು ಆಮ್ಲ. ಹುಳಿ ರುಚಿ, ನೀಲಿ ಲಿಟ್ಮಸ್ ಕಾಗದವನ್ನು ಕೆಂಪಾಗಿಸುವುದು, ಸುಣ್ಣಕಲ್ಲಿನ ಮೇಲೆ ಬಿದ್ದರೆ ಬುಸ್ಸೆಂದು ನೊರೆಯೇಳುವುದು ಅದರ ಗುರುತುಗಳು. ಆಮ್ಲದೊಡನೆ ಕೂಡಿ ಅದರ ಗುಣವನ್ನು ಅಳಿಸಿ, ಲವಣವನ್ನೂ ನೀರನ್ನೂ ಕೊಡುವಂಥದು ಪ್ರತ್ಯಾಮ್ಲ. ಇವುಗಳಲ್ಲಿ ನೀರಿಗೆ ಕರಗುವವನ್ನು ಕ್ಷಾರ ಎನ್ನುತ್ತಾರೆ. ಕರಗಿದಾಗ ಹೈಡ್ರಾಕ್ಸೈಡ್ ಅಯಾನುಗಳು ಹೊರಬರುತ್ತವೆ, ಬೆರಳಿಗೆ ಸೋಪಿನಂತೆ ಜಾರುತ್ತವೆ. ಹೀಗಾಗಿ ಕ್ಷಾರಗಳೆಲ್ಲ ಪ್ರತ್ಯಾಮ್ಲಗಳೇ, ಪ್ರತ್ಯಾಮ್ಲಗಳೆಲ್ಲ ಕ್ಷಾರಗಳಲ್ಲ. ಪಾತ್ರೆಯ ಮೇಲೆ ಕಪ್ಪಗೆ ಕಟ್ಟುವ ತಾಮ್ರದ ಆಕ್ಸೈಡು ಪ್ರತ್ಯಾಮ್ಲ ಹೌದು, ಎಷ್ಟು ನೀರು ಹೊಯ್ದರೂ ಕರಗದು.

ಹಬ್ಬದ ಮುಂಚಿನ ದಿನ ಹಿತ್ತಾಳೆಯ ದೀಪಾಲೆ ಕಂಬಕ್ಕೆ ಹುಣಸೆಹಣ್ಣಿನ ಚರಟ ತಿಕ್ಕುವಾಗ ನಡೆಯುವುದು ಇದೇ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಕಪ್ಪು ಆಕ್ಸೈಡಿನೊಡನೆ ಕೂಡಿ, ನೀರಿಗೆ ಕರಗುವ ಲವಣವಾಗುತ್ತದೆ. ತೊಳೆದಾಗ ಅದು ಹರಿದುಹೋಗಿ ಅಡಿಯಿಂದ ಹೊಸ ಲೋಹ ಮಿರುಗುತ್ತದೆ. ಅದೇ ಹುಣಸೆ ಹಿತ್ತಾಳೆಯ ಪಾತ್ರೆಯಲ್ಲಿ ಸಾರಾಗಿ ಕುದಿದರೆ ತಾಮ್ರ ಅಡುಗೆಗೆ ಇಳಿಯುತ್ತದೆ, ಅದು ವಿಷ. ಕಲಾಯಿ ಹಾಕಿಸುವ ಪದ್ಧತಿ ಬಂದದ್ದು ಇದಕ್ಕೇ: ಒಳಮೈಗೆ ಬಳಿದ ತವರ ಹುಳಿಗೂ ತಾಮ್ರಕ್ಕೂ ನಡುವೆ ನಿಲ್ಲುತ್ತದೆ. ಅಲ್ಯೂಮಿನಿಯಂ ಪಾತ್ರೆಗಳ ಕಷ್ಟ ಎರಡು ಕಡೆಯದು. ಅದರ ಮೇಲಿನ ಆಕ್ಸೈಡಿನ ಪದರ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಹುಳಿ ಇಟ್ಟರೂ ಸವೆತ, ವಾಷಿಂಗ್ ಸೋಡದಲ್ಲಿ ನೆನೆಸಿದರೂ ಕಪ್ಪು. ಇಂಥ ಆಕ್ಸೈಡುಗಳನ್ನು ಉಭಯಗುಣಿಗಳೆಂದು ಕರೆಯುತ್ತಾರೆ.

ಆಮ್ಲದ ಪ್ರಬಲತೆ ಬೇರೆ, ಸಾರತೆ ಬೇರೆ. ಇವೆರಡನ್ನು ಒಂದೇ ಎಂದುಕೊಳ್ಳುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಹೈಡ್ರೊಕ್ಲೋರಿಕ್ ಆಮ್ಲ ನೀರಿಗೆ ಬಿದ್ದೊಡನೆ ಅದರ ಅಣುಗಳೆಲ್ಲ ಒಡೆದು ಹೈಡ್ರೋಜನ್ ಅಯಾನು ಕೊಟ್ಟುಬಿಡುತ್ತವೆ. ಅದು ಪ್ರಬಲ ಆಮ್ಲ. ಅಡುಗೆಮನೆಯ ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲದ ಸಾವಿರ ಅಣುಗಳಲ್ಲಿ ನಾಲ್ಕೈದು ಮಾತ್ರ ಒಡೆದಿರುತ್ತವೆ. ಅದು ದುರ್ಬಲ ಆಮ್ಲ. ನೀರು ಬೆರೆಸಿ ತೆಳುವಾಗಿಸಿದರೆ ಹೈಡ್ರೊಕ್ಲೋರಿಕ್ ಆಮ್ಲ ದುರ್ಬಲವಾಗುವುದಿಲ್ಲ, ಸಾರ ಕಡಿಮೆಯಾಗುತ್ತದೆ ಅಷ್ಟೆ. ಸಾರವತ್ತಾದ ಅಸಿಟಿಕ್ ಆಮ್ಲ ದುರ್ಬಲವೆನಿಸಿಕೊಂಡೇ ಚರ್ಮ ಸುಡಬಲ್ಲದು.

ಹುಳಿಯನ್ನು ಅಳೆಯುವ ಮಾನ ಪಿಎಚ್. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ಸೋರೆನ್‌ಸೆನ್ 1909ರಲ್ಲಿ ಇದನ್ನು ತಂದರು. ಶುದ್ಧ ನೀರು 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ನಿಂಬೆರಸ 2ರಿಂದ 2.5, ಗಟ್ಟಿ ಮೊಸರು ಸುಮಾರು 4.5, ಎಳನೀರು 5ರ ಆಸುಪಾಸು, ಹಾಲು 6.6, ಅಡುಗೆ ಸೋಡದ ನೀರು 8.3, ಸುಣ್ಣದ ತಿಳಿ 12.4. ಈ ಅಳತೆ ಸೇರು ಪಾವುಗಳ ಹಾಗೆ ಸಮನಾಗಿ ಏರುವುದಿಲ್ಲ. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ಪಿಎಚ್ 5 ಇರುವ ಮಣ್ಣು 6ರ ಮಣ್ಣಿಗಿಂತ ಕೊಂಚ ಹುಳಿಯಲ್ಲ, ಹತ್ತರಷ್ಟು ಹುಳಿ. 7ರ ಮಣ್ಣಿಗೆ ಹೋಲಿಸಿದರೆ ನೂರರಷ್ಟು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ 5.2 ಎಂದೋ 6.1 ಎಂದೋ ಬರೆದಿದ್ದನ್ನು ನೋಡಿ ‘ಒಂದು ಪಾಯಿಂಟು ತಾನೇ’ ಎನ್ನುವವರು ಇದನ್ನು ಗಮನಿಸಬೇಕು.

ಆಮ್ಲವೆಂದರೇನೆಂಬ ವಿವರಣೆ ಹಲವು ಸಲ ಬದಲಾಗಿದೆ. ಎಲ್ಲ ಆಮ್ಲಗಳಿಗೂ ಆಕ್ಸಿಜನ್ನೇ ಮೂಲ ಎಂದು ಲವಾಸಿಯೇ ನಂಬಿದ್ದ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು 1810ರ ಹೊತ್ತಿಗೆ ಹಂಫ್ರಿ ಡೇವಿ ತೋರಿಸಿದ. ಅಯಾನುಗಳ ಕಲ್ಪನೆ ಸ್ವೀಡನ್ನಿನ ಅರ‍್ಹೇನಿಯಸ್‌ನದು. 1884ರ ಅವನ ಪ್ರಬಂಧಕ್ಕೆ ಉಪ್ಸಾಲಾದ ಪರೀಕ್ಷಕರು ಕಡಿಮೆ ದರ್ಜೆ ಕೊಟ್ಟರು, 1903ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಬೇರೆ ಬೇರೆಯಾಗಿ ವ್ಯಾಖ್ಯೆಯನ್ನು ಹಿಗ್ಗಿಸಿದರು: ಪ್ರೋಟಾನ್ ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಹೈಡ್ರಾಕ್ಸೈಡ್ ಇಲ್ಲದ ಅಮೋನಿಯಾ ಹೇಗೆ ಪ್ರತ್ಯಾಮ್ಲವಾಯಿತು ಎಂಬ ಒಗಟನ್ನು ಇದು ಬಿಡಿಸಿತು. ಅದೇ ವರ್ಷ ಲೂಯಿಸ್ ಎಲೆಕ್ಟ್ರಾನ್ ಜೋಡಿಯ ಮೂಲಕ ಇನ್ನೊಂದು ವ್ಯಾಖ್ಯೆ ಕೊಟ್ಟ. ಮೈಲುತುತ್ತದ ನೀರು ಹುಳಿಯಾಗಿರುವುದು ಏಕೆಂಬುದು ಅದರಿಂದ ಅರ್ಥವಾಗುತ್ತದೆ. ಆ ಮಾತು ಮುಂದೆ ಬರುತ್ತದೆ.

ಮಾಪಕಗಳಿಲ್ಲದ ಕಾಲದಲ್ಲೂ ಮನೆಗಳಲ್ಲಿ ಸೂಚಕಗಳಿದ್ದವು. ಅರಿಸಿನದ ಕರ್ಕ್ಯುಮಿನ್ ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಆರತಿ ತಟ್ಟೆಯ ನೀರಿಗೆ ಅರಿಸಿನ ಕಲಸಿ ಚಿಟಿಕೆ ಸುಣ್ಣ ಹಾಕಿದ ಕೂಡಲೇ ಅದು ರಕ್ತವರ್ಣಕ್ಕೆ ತಿರುಗುವುದು ಈ ಕಾರಣದಿಂದಲೇ. ಆ ಓಕುಳಿಗೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಊಟದ ಕಲೆಯಾದ ಬಿಳಿ ಅಂಗಿಗೆ ಸೋಪು ಹಚ್ಚಿದಾಗ ಕಲೆ ಕೆಂಪಾಗುವುದೂ, ನೀರಿಗೆ ಹಿಡಿದರೆ ಹಳದಿಗೆ ಮರಳುವುದೂ ಇದೇ ಆಟ. ದಾಸವಾಳದ ಹೂವಿನ ರಸ ಹುಳಿಗೆ ಗಾಢ ಗುಲಾಬಿ, ಸೋಡಕ್ಕೆ ಹಸಿರು. ಮಲೆನಾಡಿನ ಮನೆಗಳ ಮುಂದೆ ಬೆಳೆಸುವ ಹೈಡ್ರಾಂಜಿಯದಲ್ಲಂತೂ ಗಿಡವೇ ಸೂಚಕ: ಹುಳಿಮಣ್ಣಿನಲ್ಲಿ ಕರಗಿದ ಅಲ್ಯೂಮಿನಿಯಂ ಹೀರಿ ಹೂವು ನೀಲಿಯಾಗುತ್ತದೆ, ಸುಣ್ಣ ಹಾಕಿದ ಬುಡದಲ್ಲಿ ಗುಲಾಬಿ.

ಇಷ್ಟು ಸಲ ಬಂದ ಸುಣ್ಣದ ಬಗ್ಗೆ ಬಿಡಿಸಿ ಹೇಳಬೇಕು. ಸುಣ್ಣಕಲ್ಲು ಅಥವಾ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಬಿಟ್ಟರೆ ಹಬೆಯೆದ್ದು, ಹರಳು ಒಡೆದು ಪುಡಿಯಾಗಿ, ಅರಳಿದ ಸುಣ್ಣ ಸಿಗುತ್ತದೆ. ಇದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಎಲೆಯಡಿಕೆಗೆ ಹಚ್ಚುವುದು ಇದನ್ನೇ. ಸುಣ್ಣ ಹೆಚ್ಚಾದರೆ ಬಾಯಿ ಬೇಯುತ್ತದೆ, ಪಿಎಚ್ 12ರ ವಸ್ತುವಿಗೆ ಅದು ಸಹಜ. ಗೋಡೆಗೆ ಬಳಿದ ಸುಣ್ಣ, ಇಟ್ಟಿಗೆಯ ನಡುವಿನ ಗಾರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕಾರ್ಬೊನೇಟ್ ಆಗುತ್ತವೆ. ಕಲ್ಲಾಗಿದ್ದದ್ದು ಸುಣ್ಣವಾಗಿ ಗೋಡೆಯಲ್ಲಿ ತಿರುಗಿ ಕಲ್ಲಾಗುತ್ತದೆ. ಬೇಲೂರು ಚೆನ್ನಕೇಶವ ದೇವಾಲಯದ ಮಹಾದ್ವಾರದ ಗೋಪುರ ಇಂಥ ಇಟ್ಟಿಗೆ–ಗಾರೆಯ ಕೆಲಸ; ಸುಟ್ಟುಹೋಗಿದ್ದ ಹಳೆಯ ದ್ವಾರದ ಜಾಗದಲ್ಲಿ ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, 1397ರಲ್ಲಿ, ದಂಡನಾಯಕ ಗುಂಡ ಅದನ್ನು ಎಬ್ಬಿಸಿದ.

ಬೂದಿಯ ಕ್ಷಾರಕ್ಕೆ ಇನ್ನೂ ಹಳೆಯ ಚರಿತ್ರೆ. ಗಿಡ ಸುಟ್ಟ ಬೂದಿಯನ್ನು ನೀರಿಗೆ ಹಾಕಿ ಬಸಿದರೆ ಪೊಟ್ಯಾಸಿಯಂ ಕಾರ್ಬೊನೇಟ್ ಬರುತ್ತದೆ. ಪಾತ್ರೆ ಬೆಳಗುವುದಕ್ಕೂ ಬಟ್ಟೆ ಒಗೆಯುವುದಕ್ಕೂ ಹಳ್ಳಿಗಳಲ್ಲಿ ಅದೇ ಸಾಕಾಗುತ್ತಿತ್ತು. ಸುಶ್ರುತ ಸಂಹಿತೆ ಮೃದು, ಮಧ್ಯಮ, ತೀಕ್ಷ್ಣ ಎಂದು ಕ್ಷಾರಗಳನ್ನು ವಿಂಗಡಿಸಿ, ಬೂದಿಯ ಬಸಿಗೆ ಸುಟ್ಟ ಚಿಪ್ಪು, ಸುಣ್ಣಕಲ್ಲು ಸೇರಿಸಿ ತೀಕ್ಷ್ಣವಾಗಿಸುವ ವಿಧಾನ ಹೇಳುತ್ತದೆ. ಈಗಿನ ಮಾತಿನಲ್ಲಿ ಅದು ಕಾರ್ಬೊನೇಟನ್ನು ಹೈಡ್ರಾಕ್ಸೈಡ್ ಆಗಿಸುವ ಕ್ರಿಯೆ. ಕ್ಷಾರ ಹಚ್ಚಿದ ಗಾಯವನ್ನು ಆಮೇಲೆ ಹುಳಿಗಂಜಿಯಂಥ ಆಮ್ಲದ್ರವದಿಂದ ತೊಳೆಯಬೇಕೆಂಬ ಸೂಚನೆಯೂ ಅಲ್ಲಿದೆ. ಅಯಾನುಗಳ ಹೆಸರು ಗೊತ್ತಿಲ್ಲದ ಕಾಲದಲ್ಲಿ ತಟಸ್ಥೀಕರಣವನ್ನು ಇಷ್ಟು ಖಚಿತವಾಗಿ ಬಳಸಿದ್ದು ಅಪರೂಪ.

ಈಗ ಮಣ್ಣು. ಮಳೆಯ ನೀರು ಮೂಲತಃ ಹುಳಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಕಾರ್ಬೊನಿಕ್ ಆಮ್ಲವಾಗಿ ಅದರ ಪಿಎಚ್ 5.6ಕ್ಕೆ ಇಳಿದಿರುತ್ತದೆ. ಕೊಳೆಯುವ ಎಲೆ, ಉಸಿರಾಡುವ ಬೇರು ಇನ್ನಷ್ಟು ಆಮ್ಲ ಸೇರಿಸುತ್ತವೆ. ಜೇಡಿಯ ಕಣಗಳ ಮೈಮೇಲೆ ಅಂಟಿಕೊಂಡಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ಹೈಡ್ರೋಜನ್ ಅಯಾನುಗಳು ತಳ್ಳಿ ಆ ಜಾಗ ಹಿಡಿಯುತ್ತವೆ. ತಳ್ಳಿಸಿಕೊಂಡವು ಹಳ್ಳ ಹೊಳೆ ಸೇರುತ್ತವೆ. ಸಾವಿರಾರು ಮಳೆಗಾಲ ಹೀಗೆ ನಡೆದಲ್ಲಿ ಮಣ್ಣು ಕೆಂಪಗೆ, ಹುಳಿಯಾಗಿ ಉಳಿಯುತ್ತದೆ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಜೇಡಿಯೊಳಗಿನ ಅಲ್ಯೂಮಿನಿಯಂ ಕರಗತೊಡಗಿ ಬೇರಿನ ತುದಿಯನ್ನು ಕುಂಠಿಸುತ್ತದೆ, ರಂಜಕ ಗಿಡಕ್ಕೆ ಎಟುಕದ ಹಾಗೆ ಕಟ್ಟಿಬೀಳುತ್ತದೆ. ಯೂರಿಯ, ಅಮೋನಿಯಂ ಸಲ್ಫೇಟ್ ಗೊಬ್ಬರಗಳೂ ಹುಳಿ ಹೆಚ್ಚಿಸುವಂಥವೇ: ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿಸುವಾಗ ಹೈಡ್ರೋಜನ್ ಅಯಾನು ಹೊರಬೀಳುತ್ತದೆ.

ಕಾಫಿಗೆ 6ರಿಂದ 6.5ರ ನಡುವಿನ ಪಿಎಚ್ ಒಗ್ಗುತ್ತದೆ. ಅದಕ್ಕೇ ಅರೇಹಳ್ಳಿ ಕಡೆಯ ತೋಟಗಳಲ್ಲಿ ವರ್ಷ ಬಿಟ್ಟು ವರ್ಷ ಕೃಷಿ ಸುಣ್ಣದ ಮೂಟೆಗಳು ಇಳಿಯುವುದು. ಎಷ್ಟು ಸುಣ್ಣ ಎಂಬುದು ಬರೀ ಪಿಎಚ್ ನೋಡಿ ತೀರ್ಮಾನಿಸುವ ಲೆಕ್ಕವಲ್ಲ. ಮಣ್ಣಿನ ನೀರಿನಲ್ಲಿ ತೇಲುವ ಹುಳಿ ಅಲ್ಪ. ಜೇಡಿಯ ಮೈಗೆ ಅಂಟಿಕೊಂಡಿರುವ ಮೀಸಲು ಹುಳಿಯೇ ಬಹಳ. ನೀರಿನ ಹುಳಿಯನ್ನು ಸುಣ್ಣ ಅಳಿಸಿದಂತೆಲ್ಲ ಮೀಸಲಿನಿಂದ ಹೊಸದು ಬರುತ್ತದೆ. ಒಂದೇ ಪಿಎಚ್ ತೋರಿಸುವ ಮರಳುಮಣ್ಣಿಗೆ ಸ್ವಲ್ಪ ಸುಣ್ಣ ಸಾಕು, ಜೇಡಿಮಣ್ಣಿಗೆ ಅದರ ಹಲವು ಪಟ್ಟು ಬೇಕು. ಪಿಎಚ್ ಏರಿಳಿತವನ್ನು ಹೀಗೆ ತಡೆಯುವ ಗುಣಕ್ಕೆ ಬಫರ್ ಎಂದು ಹೆಸರು. ಮನುಷ್ಯನ ರಕ್ತ 7.35ರಿಂದ 7.45ರ ಸಂದಿಯಲ್ಲೇ ಉಳಿದಿರುವುದೂ ಬೈಕಾರ್ಬೊನೇಟ್ ಬಫರಿನ ಕೃಪೆಯಿಂದ.

ಬಯಲುಸೀಮೆಯ ಕಡೆಗೆ ಚಿತ್ರ ತಿರುಗುಮುರುಗು. ಮಳೆ ಕಡಿಮೆಯಾದಲ್ಲಿ ಕ್ಯಾಲ್ಸಿಯಂ ತೊಳೆದುಹೋಗದೆ ಮಣ್ಣಿನಲ್ಲೇ ನಿಲ್ಲುತ್ತದೆ, ಎಷ್ಟೋ ಕಡೆ ಸುಣ್ಣದ ಹರಳುಗಳಾಗಿ ಹೆಪ್ಪುಗಟ್ಟುತ್ತದೆ. ಅಂಥ ಹರಳಿನ ಮೇಲೆ ಒಂದು ತೊಟ್ಟು ತೆಳು ಹೈಡ್ರೊಕ್ಲೋರಿಕ್ ಆಮ್ಲ ಬಿಟ್ಟರೆ ನೊರೆಯೇಳುತ್ತದೆ. ಭೂವಿಜ್ಞಾನಿಗಳು ಹೊಲದಲ್ಲೇ ಮಾಡುವ ಪರೀಕ್ಷೆ ಇದು. ತಗ್ಗಿನ ಜಾಗಗಳಲ್ಲಿ ಸೋಡಿಯಂ ಸೇರಿಕೊಂಡರೆ ಮಣ್ಣು ಚೌಳು, ಪಿಎಚ್ 8.5 ದಾಟಿ, ಒಣಗಿದಾಗ ಕಲ್ಲಿನಂತೆ ಬಿರುಸಾಗಿ, ನೆನೆದಾಗ ಅಂಟಾಗುತ್ತದೆ. ಇಲ್ಲಿಗೆ ಬೇಕಾದದ್ದು ಸುಣ್ಣವಲ್ಲ, ಜಿಪ್ಸಂ. ಎರಡೂ ಬಿಳಿ ಪುಡಿ, ಎರಡರಲ್ಲೂ ಕ್ಯಾಲ್ಸಿಯಂ, ಹಾಗಾಗಿ ಅಂಗಡಿಯಲ್ಲಿ ಗೊಂದಲ. ಜಿಪ್ಸಂ ಲವಣ, ಪ್ರತ್ಯಾಮ್ಲವಲ್ಲ. ಅದು ಸೋಡಿಯಂ ಅನ್ನು ಹೊರಹಾಕಬಲ್ಲದು, ಹುಳಿಯನ್ನು ಅಳಿಸಲಾರದು. ಹುಳಿಮಣ್ಣಿಗೆ ಜಿಪ್ಸಂ, ಚೌಳಿಗೆ ಸುಣ್ಣ ಹಾಕಿದರೆ ದುಡ್ಡು ದಂಡ. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಪಿಎಚ್ ಕೂಡ ಒಂದು. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಕಲಕಿ ಗಾಜಿನ ಕಡ್ಡಿ ಅದ್ದಿ ಅಳೆಯುತ್ತಾರೆ. ಚೀಟಿ ಮನೆಗೆ ಬಂದು ಕಪಾಟು ಸೇರುವ ಮುಂಚೆ ಅದರ ಆ ಒಂದು ಸಾಲನ್ನಾದರೂ ಓದಿದರೆ ಲಾಭವುಂಟು.

ಸುಣ್ಣದ ಇನ್ನೊಂದು ದೊಡ್ಡ ಉದ್ಯೋಗ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಬದಿಯ ದ್ರಾಕ್ಷಿಯನ್ನು ದಾರಿಹೋಕರು ಕೀಳದಿರಲೆಂದು ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗಲದ್ದನ್ನು ಗಮನಿಸಿದ ಮಿಲಾರ್ಡೆ 1885ರಲ್ಲಿ ಈ ಮಿಶ್ರಣವನ್ನು ಪ್ರಕಟಿಸಿದ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಅದಕ್ಕೆ ಈ ದ್ರಾವಣವೇ ಮದ್ದೆಂದು ರೂಢಿಗೆ ತಂದರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಹುಟ್ಟಿದ್ದೂ ಅವರ ಮುಂದಾಳತ್ವದಲ್ಲೇ. ಇಂದಿಗೂ ಬೇಲೂರು ಸೀಮೆಯ ಅಡಿಕೆ, ಮೆಣಸು, ಕಾಫಿಗೆ ಮುಂಗಾರಿನ ಮುಂಚೆ ಹೊಡೆಯುವುದು ಬೋರ್ಡೋವನ್ನೇ.

ಶೇಕಡ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸುತ್ತಾರೆ. ಕಬ್ಬಿಣದ ಪಾತ್ರೆಯಾದರೆ ತಾಮ್ರ ಅಲ್ಲೇ ಕೂತುಬಿಡುತ್ತದೆ. ಉಳಿದ ಐವತ್ತು ಲೀಟರಿನಲ್ಲಿ ಸುಣ್ಣ ಅರಳಿಸಿ ಸೋಸಿ, ತಾಮ್ರದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯುತ್ತಾರೆ. ತಿಳಿನೀಲಿ ಗಂಜಿಯಂಥ ದ್ರವ ಬರುತ್ತದೆ. ತಾಮ್ರದ ಅಯಾನು ಸುತ್ತಲಿನ ನೀರಿನ ಅಣುಗಳ ಎಲೆಕ್ಟ್ರಾನ್ ಜೋಡಿಗಳನ್ನು ತನ್ನತ್ತ ಸೆಳೆಯುವುದರಿಂದ ಆ ನೀರು ಪ್ರೋಟಾನ್ ಬಿಟ್ಟುಕೊಡುತ್ತದೆ. ಲೂಯಿಸ್ ಹೇಳಿದ ಆಮ್ಲತ್ವ ಇದು, ಮೈಲುತುತ್ತದ ನೀರು ಹುಳಿಯಾಗುವುದು ಹೀಗೆ. ಸುಣ್ಣ ಸಾಲದಿದ್ದರೆ ಬಿಡಿ ತಾಮ್ರ ಉಳಿದು ಎಲೆ ಸುಡುತ್ತದೆ. ಅದಕ್ಕೆ ತೋಟದವರ ಪರೀಕ್ಷೆಯೊಂದಿದೆ: ಉಜ್ಜಿ ಹೊಳಪು ಬರಿಸಿದ ಕುಡುಗೋಲನ್ನೋ ಚಾಕುವನ್ನೋ ಒಂದು ನಿಮಿಷ ದ್ರಾವಣದಲ್ಲಿ ಅದ್ದಿ ಎತ್ತುವುದು. ಅಲಗಿನ ಮೇಲೆ ಕೆಂಪು ಕಂದಿನ ಪೊರೆ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಹೊಳಪು ಹಾಗೇ ಇದ್ದರೆ ಹೊಡೆಯಬಹುದು. ನಿಜ ಹೇಳಬೇಕೆಂದರೆ ಚಾಕು ಹುಳಿಯನ್ನು ಅಳೆಯುತ್ತಿಲ್ಲ, ಬಿಡಿ ತಾಮ್ರವನ್ನು ಹಿಡಿಯುತ್ತಿದೆ. ಕಬ್ಬಿಣ ಕರಗಿ ತಾಮ್ರ ಕೂರುವುದು ಆಮ್ಲ–ಪ್ರತ್ಯಾಮ್ಲ ಕ್ರಿಯೆಯೂ ಅಲ್ಲ. ಆದರೆ ಸುಣ್ಣ ಸಾಕಷ್ಟಿರುವಲ್ಲಿ ಬಿಡಿ ತಾಮ್ರ ಇರಲಾರದು, ಆದ್ದರಿಂದ ಪರೀಕ್ಷೆ ಸರಿಯಾದ ಉತ್ತರವನ್ನೇ ಕೊಡುತ್ತದೆ. ಕಲಸಿದ ದ್ರಾವಣವನ್ನು ಆ ದಿನವೇ ಮುಗಿಸಬೇಕು.

ಕಾಫಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರಿನಲ್ಲಿ ಸಕ್ಕರೆ ಅಂಶ ಹುದುಗಿ ಹುಳಿಯಾಗುತ್ತದೆ. ಹಾಗೇ ಹಳ್ಳಕ್ಕೆ ಬಿಟ್ಟರೆ ನೀರಿನ ಜೀವಿಗಳಿಗೆ ಕುತ್ತು, ಹಾಗಾಗಿ ಗುಂಡಿಯಲ್ಲಿ ನಿಲ್ಲಿಸಿ ಸುಣ್ಣ ಹಾಕಿ ತಟಸ್ಥಗೊಳಿಸಬೇಕು. ಲೋಟದೊಳಗಿನ ಕಾಫಿಯೂ ಸುಮಾರು 5ರ ಪಿಎಚ್‌ನ ಆಮ್ಲದ್ರವ. ಹಾಲು ಬೆರೆಸಿದರೆ ಒಡೆಯುವುದಿಲ್ಲ, ಏಕೆಂದರೆ ಹಾಲಿನ ಕೇಸೀನ್ ಹೆಪ್ಪಾಗಲು ಪಿಎಚ್ 4.6ರ ಹತ್ತಿರಕ್ಕೆ ಇಳಿಯಬೇಕು.

ಹಾಲಿನ ಹುಳಿಯನ್ನು ಡೇರಿಗಳಲ್ಲಿ ಅಳೆಯುವ ರೀತಿ ಟೈಟ್ರೇಶನ್ನಿಗೆ ಒಳ್ಳೆಯ ಉದಾಹರಣೆ. ಅಳೆದ ಹಾಲಿಗೆ ಎರಡು ತೊಟ್ಟು ಫಿನಾಲ್ಫ್ಥಲೀನ್ ಹಾಕಿ, ಸಾರ ಗೊತ್ತಿರುವ ಸೋಡಿಯಂ ಹೈಡ್ರಾಕ್ಸೈಡನ್ನು ಬ್ಯೂರೆಟ್ಟಿನಿಂದ ತೊಟ್ಟುತೊಟ್ಟಾಗಿ ಬಿಡುತ್ತಾರೆ. ನಸುಗೆಂಪು ಬಂದು ನಿಂತ ಕ್ಷಣಕ್ಕೆ ಬ್ಯೂರೆಟ್ಟಿನ ಅಂಕಿ ನೋಡಿ ಲ್ಯಾಕ್ಟಿಕ್ ಆಮ್ಲದ ಲೆಕ್ಕ ತೆಗೆಯುತ್ತಾರೆ. ತಾಜಾ ಹಾಲಿನಲ್ಲಿ ಶೇಕಡ 0.13ರಿಂದ 0.15ರ ಆಸುಪಾಸು ಬರುತ್ತದೆ. ಹುಳಿಯಾಗುತ್ತಿರುವ ಹಾಲಿಗೆ ಕಳ್ಳತನದಿಂದ ಸೋಡ ಬೆರೆಸಿ ಈ ಪರೀಕ್ಷೆ ದಾಟಿಸುವವರೂ ಇದ್ದಾರೆ; ಅವರಿಗಾಗಿ ರೋಸಾಲಿಕ್ ಆಮ್ಲದ ಪರೀಕ್ಷೆ ಇದೆ, ಸೋಡ ಬಿದ್ದ ಹಾಲು ಗುಲಾಬಿಗೆಂಪಾಗಿ ಗುಟ್ಟು ಬಿಡುತ್ತದೆ.

ಇಷ್ಟೆಲ್ಲ ಕೊಡುಕೊಳ್ಳುವಿಕೆಯ ನಡುವೆ ಯಾವ ಪಕ್ಷಕ್ಕೂ ಸೇರದೆ ಕೂತಿರುವುದು ಹೊಯ್ಸಳರ ಕಲ್ಲು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ, 1121ರ ಹೊತ್ತಿಗೆ ಮೊದಲಾದ ಹಳೇಬೀಡಿನ ಹೊಯ್ಸಳೇಶ್ವರ, ಹದಿಮೂರನೆಯ ಶತಮಾನದ ಅರಸೀಕೆರೆಯ ಈಶ್ವರ ದೇವಾಲಯ, ಎಲ್ಲಕ್ಕೂ ಬಳಸಿದ್ದು ಬಳಪದ ಕಲ್ಲಿನ ಬಳಗದ ಕ್ಲೋರೈಟ್ ಶಿಸ್ಟ್. 2023ರಲ್ಲಿ ಸೋಮನಾಥಪುರದ ಜತೆಗೆ ಬೇಲೂರು, ಹಳೇಬೀಡು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮದನಿಕೆಯ ಬೆರಳಿನುಂಗುರವನ್ನೂ ಸರದ ಎಳೆಯನ್ನೂ ಬಿಡಿಸಲು ಆಸ್ಪದ ಕೊಟ್ಟದ್ದು ಈ ಕಲ್ಲಿನ ಮೃದುತನ ಎಂದು ಎಲ್ಲರೂ ಹೇಳುತ್ತಾರೆ. ಅದರ ರಾಸಾಯನಿಕ ಹಟ ಅಷ್ಟೇ ಮುಖ್ಯವೆಂದು ಹೇಳುವವರು ಕಡಿಮೆ.

ಅಮೃತಶಿಲೆ, ಸುಣ್ಣಕಲ್ಲುಗಳು ಕಾರ್ಬೊನೇಟ್. ಆಮ್ಲ ತಗುಲಿದರೆ ಕರಗುತ್ತವೆ. ಗಂಧಕದ ಹೊಗೆ ಮಳೆಯಲ್ಲಿ ಸೇರಿ ಸಲ್ಫ್ಯೂರಿಕ್ ಆಮ್ಲವಾಗಿ ತಾಜಮಹಲಿನ ಮೈ ತಿನ್ನಬಹುದೆಂಬ ಭಯದಿಂದಲೇ ಸುಪ್ರೀಂ ಕೋರ್ಟ್ 1996ರಲ್ಲಿ ಆಗ್ರಾ ಸುತ್ತಲಿನ ಕಾರ್ಖಾನೆಗಳು ಕಲ್ಲಿದ್ದಲು ಬಿಡಬೇಕೆಂದು ಆದೇಶಿಸಿತು. ಬಳಪದ ಕಲ್ಲಿನಲ್ಲಿರುವುದು ಮೆಗ್ನೀಸಿಯಂ ಸಿಲಿಕೇಟುಗಳು. ಸಿಲಿಕಾನ್ ಮತ್ತು ಆಕ್ಸಿಜನ್ ಹಾಳೆಹಾಳೆಯಾಗಿ ಹೆಣೆದುಕೊಂಡಿವೆ. ಹಾಳೆಗಳ ನಡುವಿನ ಬೆಸುಗೆ ಸಡಿಲ, ಅದಕ್ಕೇ ಉಗುರಿಗೂ ಸವೆಯುವಷ್ಟು ಮೃದು. ಹಾಳೆಯೊಳಗಿನ ಬೆಸುಗೆ ಬಿಗಿ, ಅದಕ್ಕೇ ಮಾಮೂಲಿ ಆಮ್ಲ, ಕ್ಷಾರಗಳು ಅದನ್ನು ಮುಟ್ಟಲಾರವು. ಹಳೆಯ ರಸಾಯನ ಪ್ರಯೋಗಾಲಯಗಳಲ್ಲಿ ಮೇಜಿನ ಹಾಸು, ತೊಟ್ಟಿಗಳಿಗೆ ಇದೇ ಜಾತಿಯ ಕಲ್ಲನ್ನು ಆರಿಸುತ್ತಿದ್ದರು, ಆಮ್ಲ ಚೆಲ್ಲಿದರೂ ಒರೆಸಿದರೆ ಸಾಕು ಎಂದು. ನಮ್ಮ ಅಜ್ಜಿಯರು ಹುಳಿ, ಉಪ್ಪಿನಕಾಯಿಯನ್ನು ಕಲ್ಲಿನ ಮರಿಗೆಯಲ್ಲಿ ಇಡುತ್ತಿದ್ದದ್ದೂ ಅದೇ ಅನುಭವದಿಂದ. ಹಾಗೆಂದು ಈ ಕಲ್ಲಿಗೆ ಸವೆತವೇ ಇಲ್ಲವೆಂದಲ್ಲ. ಕೈ ಸವರಿ ಸವರಿ ಮೂರ್ತಿಗಳ ಮೂಗು ಮೊಣಕಾಲು ನುಣುಪಾಗುತ್ತವೆ. ಕಲ್ಲುಹೂವಿನ ಜೀವಿಗಳು ಆಕ್ಸಾಲಿಕ್ ಆಮ್ಲ ಸುರಿಸಿ ಬೇರೂರುತ್ತವೆ. ಅವನ್ನು ತೆಗೆಯಲು ಪುರಾತತ್ವ ಇಲಾಖೆಯವರು ಸ್ಮಾರಕಗಳಲ್ಲಿ ಬಳಸುವುದು ಆಮ್ಲವನ್ನಲ್ಲ, ತೆಳು ಅಮೋನಿಯಾ ಮತ್ತು ಅಯಾನಿಲ್ಲದ ಮಾರ್ಜಕವನ್ನು.

ಅರಸೀಕೆರೆಯ ತೆಂಗಿನಲ್ಲಿ ರಸಾಯನ ಬೇರೆ ದಾರಿ ಹಿಡಿಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲ, ಆದರೆ ಗ್ಲಿಸರಾಲಿಗೆ ಕಟ್ಟುಬಿದ್ದು ಕೂತಿರುವುದರಿಂದ ಹುಳಿಯ ಸುಳಿವಿಲ್ಲ. ಕೊಬ್ಬರಿ ಸರಿಯಾಗಿ ಒಣಗದೆ ಬೂಷ್ಟು ಹಿಡಿದರೆ ಕಿಣ್ವಗಳು ಆ ಕಟ್ಟು ಬಿಚ್ಚುತ್ತವೆ, ಬಿಡಿ ಆಮ್ಲ ಹೊರಬಂದು ಕಮಟು ವಾಸನೆ ಹೊಡೆಯುತ್ತದೆ. ಎಣ್ಣೆ ಕೊಳ್ಳುವವರು ಕೇಳುವ ‘ಆಸಿಡ್ ವ್ಯಾಲ್ಯೂ’ ಇದರದ್ದೇ ಅಳತೆ. ಕಾಸ್ಟಿಕ್ ಸೋಡ ಹಾಕಿ ಕುದಿಸಿದರೆ ಕಟ್ಟು ಪೂರ್ತಿ ಬಿಚ್ಚಿ ಆಮ್ಲದ ಸೋಡಿಯಂ ಲವಣ ಉಳಿಯುತ್ತದೆ. ಅದೇ ಸೋಪು. ನೀರಾ ಇಳಿಸುವ ಮಡಕೆಯ ಒಳಮೈಗೆ ಸುಣ್ಣ ಬಳಿಯುವುದೂ ಹಳೆಯ ಉಪಾಯ: ಕ್ಷಾರದಲ್ಲಿ ಯೀಸ್ಟ್ ಬೆಳೆಯದು, ಸಿಹಿರಸ ಹುದುಗಿ ಹೆಂಡವಾಗದು.

ಮಲೆನಾಡಿನ ಕೆಂಪು ಚಗಳಿ ಇರುವೆ ಕಚ್ಚಿದಾಗ ಚುರುಗುಟ್ಟುವುದು ಫಾರ್ಮಿಕ್ ಆಮ್ಲ. ಅದರ ಚಟ್ನಿಯ ಹುಳಿಯೂ ಅದೇ. ಕಡಲೆ ಗಿಡದ ರೋಮಗಳು ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳನ್ನು ಸೂಸುತ್ತವೆ. ರಾತ್ರಿ ಹೊಲದ ಮೇಲೆ ಬಟ್ಟೆ ಹಾಸಿ ಬೆಳಗ್ಗೆ ಇಬ್ಬನಿಯೊಡನೆ ಹಿಂಡಿ ‘ಕಡಲೆ ಹುಳಿ’ ತೆಗೆಯುವ ರೂಢಿ ಬಯಲುಸೀಮೆಯಲ್ಲಿತ್ತು. ಜಠರದ ರಸ 1.5ರಿಂದ 3.5 ಪಿಎಚ್‌ನ ಹೈಡ್ರೊಕ್ಲೋರಿಕ್ ಆಮ್ಲ. ಎದೆಯುರಿಗೆ ಕುಡಿಯುವ ಬಿಳಿ ಔಷಧಿ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಹೈಡ್ರಾಕ್ಸೈಡ್.

ಅಪಾಯದ ವಿಷಯದಲ್ಲಿ ಜನ ಆಮ್ಲಕ್ಕೆ ಹೆದರುವಷ್ಟು ಕ್ಷಾರಕ್ಕೆ ಹೆದರುವುದಿಲ್ಲ. ಇದು ತಪ್ಪು. ಆಮ್ಲ ತಗುಲಿದ ಅಂಗಾಂಶ ಹೆಪ್ಪುಗಟ್ಟಿ ಒಂದು ಮಟ್ಟಕ್ಕೆ ತಡೆಯಾಗುತ್ತದೆ. ಕ್ಷಾರ ಕೊಬ್ಬನ್ನು ಸೋಪಾಗಿಸಿ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಎಲೆಯಡಿಕೆಯ ಸುಣ್ಣದ ಪೊಟ್ಟಣ ಹಿಚುಕಿ ಕಣ್ಣಿಗೆ ಸಿಡಿಸಿಕೊಂಡು ದೃಷ್ಟಿ ಕಳೆದುಕೊಂಡ ಮಕ್ಕಳ ಪ್ರಕರಣಗಳು ನೇತ್ರವೈದ್ಯರಿಗೆ ಹೊಸತಲ್ಲ. ಯಾವುದು ಬಿದ್ದರೂ ಮೊದಲ ಚಿಕಿತ್ಸೆ ಧಾರಾಳ ನೀರು, ಕನಿಷ್ಠ ಕಾಲು ಗಂಟೆ. ಸುಣ್ಣಕ್ಕೆ ನಿಂಬೆ, ಆಸಿಡ್‌ಗೆ ಸೋಡ ಎಂದು ತಟಸ್ಥಗೊಳಿಸಲು ಹೋದರೆ ಆ ಕ್ರಿಯೆಯ ಶಾಖವೇ ಗಾಯ ಹೆಚ್ಚಿಸುತ್ತದೆ. ಸಲ್ಫ್ಯೂರಿಕ್ ಆಮ್ಲ ತೆಳುವಾಗಿಸುವಾಗ ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರಲ್ಲ. ಕಕ್ಕಸು ತೊಳೆಯುವ ಆಮ್ಲಕ್ಕೆ ಬ್ಲೀಚಿಂಗ್ ಪುಡಿ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಆಸಿಡ್ ದಾಳಿಗೆ ಒಳಗಾದ ಮಹಿಳೆಯೊಬ್ಬರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ನಿರ್ದೇಶನದಂತೆ, ಕೊಳ್ಳುವವರ ಗುರುತಿನ ಚೀಟಿ ನೋಡದೆ, ಕಾರಣ ಬರೆದುಕೊಳ್ಳದೆ ಆಮ್ಲ ಮಾರುವಂತಿಲ್ಲ; 18 ವರ್ಷದೊಳಗಿನವರಿಗಂತೂ ಮಾರುವಂತೆಯೇ ಇಲ್ಲ.